ಕೊನೆಯ ಗೇಣು

ನಮ್ಮನೆಯವರು ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಜೊತೆ ಕೆಲಸದವರು ಅವರನ್ನು ಗೇಣಪ್ಪ ಅಂತ ಕರೆಯುತ್ತಿದ್ದರು. ಲಿಫ್ಟ್ ಬಂದು ಮಹಡಿಗೆ ಸಮನಾಗಿ ನಿಲ್ಲಬೇಕು. ಒಂದು ಬೆರಳು ಹೆಚ್ಚುಕಡಿಮೆಯಾದರೂ ಯಾರೋ ಮುದುಕಿ ಎಡವಿ ಬೀಳುತ್ತಾಳೆ. “ಎಲ್ಲಾ ಮಹಡಿ ಇಳಿಸೋದು ಮೋಟರ್ ಕೆಲಸ, ಕೊನೇ ಗೇಣು ಇಳಿಸೋದು ನನ್ನ ಕೆಲಸ” ಅನ್ನುತ್ತಿದ್ದರು. ಅದಕ್ಕೇ ಆ ಹೆಸರು.

ಅವರು ಹೋಗಿ ಕೆಲವು ತಿಂಗಳಾಯಿತು. ಕೆಲಸಕ್ಕೆ ಹೊರಟವರು ಬಾಗಿಲ ಹತ್ತಿರ ಕೂತು ಶೂ ದಾರ ಕಟ್ಟುತ್ತಿದ್ದರು. ಒಂದು ಕಟ್ಟಿದರು. ಇನ್ನೊಂದು ಕಟ್ಟಲಿಲ್ಲ. ಹೃದಯ ನಿಂತಿದೆ ಅಂದರು ಡಾಕ್ಟರು. ಎಲ್ಲರೂ ಹೋದ ಮೇಲೆ ನಾನು ಶೂ ಎರಡನ್ನೂ ಒರೆಸಿ ಜೋಡಿಸಿಟ್ಟೆ. ಒಲೆ ಮೇಲೆ ಬೆಳಿಗ್ಗೆಯ ಹಾಲು ಹಾಗೇ ಇತ್ತು. ಚೆಲ್ಲಿದೆ. ಪಾತ್ರೆ ತೊಳೆದೆ.

ನಾನು ಅಳಲಿಲ್ಲ. ನನ್ನ ನಾದಿನಿ, ಅಂದರೆ ಅವರ ತಂಗಿ, ಇದನ್ನೇ ಹಿಡಿದುಕೊಂಡಿದ್ದಾಳೆ. “ಅತ್ತುಬಿಡಿ ಅತ್ತಿಗೆ, ಹಗುರಾಗುತ್ತೆ” ಅನ್ನುತ್ತಾಳೆ. ನೆನೆಹಾಕಿದ ಬಟ್ಟೆ ಒಗೆದುಬಿಡಿ ಅಂದ ಹಾಗೆ. ಬಂದರೆ ಅಳುತ್ತಿದ್ದೆ. ಬರಲಿಲ್ಲ. ಊಟ ಮಾಡುತ್ತೇನೆ. ಮಲಗುತ್ತೇನೆ. ಕೆಲಸಕ್ಕೆ ಹೋಗುತ್ತೇನೆ.

ನನ್ನ ಕೆಲಸ ಒಂದು ಲಾಡ್ಜಿನಲ್ಲಿ. ಕೋಣೆ ಗುಡಿಸುವುದು, ಹಾಸಿಗೆಗೆ ಚಾದರ ಹಾಕುವುದು. ನಾವಿಬ್ಬರೂ ಸಿಕ್ಕಿದ್ದೂ ಅಲ್ಲೇ. ಒಂದು ದಿನ ಕೊಳೆ ಚಾದರಗಳ ರಾಶಿ ಹೊತ್ತು ಲಿಫ್ಟಿನಲ್ಲಿ ಇಳಿಯುತ್ತಿದ್ದೆ. ನಡುವೆ ನಿಂತುಹೋಯಿತು. ಕೂಗಿಕೊಂಡೆ. ಬಹಳ ಹೊತ್ತಿನ ಮೇಲೆ ಯಾರೋ ಹೊರಗಿನಿಂದ ಬಾಗಿಲು ಸರಿಸಿದರು. ತೆಳ್ಳಗಿನ ಗಂಡಸು, ಮುಖಕ್ಕೆಲ್ಲ ಗ್ರೀಸು. ಲಿಫ್ಟ್ ನೆಲಕ್ಕಿಂತ ಸ್ವಲ್ಪ ಮೇಲೇ ನಿಂತಿತ್ತು.

“ಇಳೀರಿ, ಒಂದೇ ಗೇಣು” ಅಂದರು.

ಮೂಟೆ ಅಡ್ಡ ಇತ್ತು, ನನಗೆ ನೆಲ ಕಾಣುತ್ತಿರಲಿಲ್ಲ. ಸಿಟ್ಟೂ ಬಂದಿತ್ತು. “ಯಾರ ಗೇಣು? ನಿಮ್ಮದೋ ನನ್ನದೋ?” ಅಂತ ಕೇಳಿದೆ.

ಅವರು ತಮ್ಮ ಕೈ ಅಗಲಿಸಿ ನೋಡಿಕೊಂಡರು. ಆಮೇಲೆ ನನ್ನ ಕೈ ನೋಡಿದರು. “ನಿಮ್ಮದಾದ್ರೆ ಒಂದು ಗೇಣು, ಮೇಲೆ ಎರಡು ಬೆರಳು” ಅಂದರು. ನಗಲಿಲ್ಲ. ಲೆಕ್ಕ ಹೇಳಿದರು ಅಷ್ಟೆ. ಅದೇ ನನಗೆ ಹಿಡಿಸಿತು.

ಮದುವೆಯಾಯಿತು. ಎರಡು ಕೋಣೆಯ ಮನೆ. ಮಕ್ಕಳಾಗಲಿಲ್ಲ. ಮೊದಮೊದಲು ಅದರ ಬಗ್ಗೆ ಮಾತಾಡಿದೆವು, ಆಮೇಲೆ ಬಿಟ್ಟೆವು.

ವಿಮಾನದ ಹುಚ್ಚು ಹತ್ತಿದ್ದು ಲಿಫ್ಟ್ ಗುಂಡಿಯಿಂದ. ಲಿಫ್ಟಿನ ಕೆಳಗೆ ಒಂದು ಗುಂಡಿ ಇರುತ್ತದೆ. ಬಾಗಿಲ ಸಂದಿಯಿಂದ ಏನೇನೋ ಬೀಳುತ್ತದೆ. ಬೀಗದ ಕೈ, ಓಲೆ, ಒಂದು ಸಲ ಯಾರದೋ ಹಲ್ಲಿನ ಸೆಟ್ಟು. ಇವರು ಎತ್ತಿ ಕಾವಲುಗಾರನಿಗೆ ಕೊಟ್ಟು ಬರುತ್ತಿದ್ದರು. ಒಂದು ದಿನ ಥರ್ಮಾಕೋಲಿನ ರೆಕ್ಕೆ ಸಿಕ್ಕಿತು, ಆಟದ ವಿಮಾನದ್ದು. ಕೇಳಿಕೊಂಡು ಯಾರೂ ಬರಲಿಲ್ಲ. ಮನೆಗೆ ತಂದರು. ಮೇಜಿನ ಮೇಲಿಟ್ಟು ಊಟ ಮಾಡುತ್ತಾ ನೋಡಿದರು.

“ರೀ, ಅನ್ನ ತಣ್ಣಗಾಯ್ತು.”

“ಇದರ ಬೆನ್ನು ನೋಡು, ಉಬ್ಬಿದೆ. ಹೊಟ್ಟೆ ಚಪ್ಪಟೆ.”

“ನಿಮ್ಮದು ಎರಡೂ ಚಪ್ಪಟೆ, ಮೊದಲು ಉಣ್ಣಿ.”

ಆ ಒಂದು ರೆಕ್ಕೆಗೆ ಇನ್ನೊಂದು ರೆಕ್ಕೆ ಮಾಡಿದರು. ಎರಡು ರೆಕ್ಕೆಗೆ ಒಂದು ಮೈ ಮಾಡಿದರು. ಅಲ್ಲಿಂದ ಶುರು. ದಿನವೆಲ್ಲ ಕತ್ತಲೆ ಗುಂಡಿಯಲ್ಲಿ ಇರುವ ಮನುಷ್ಯ, ರಜೆ ಬಂದರೆ ಆಕಾಶ ನೋಡುತ್ತಿದ್ದರು. ಮನೆಯೆಲ್ಲ ಅಂಟಿನ ವಾಸನೆ. ಥರ್ಮಾಕೋಲಿನ ಪುಡಿ ಹಿಟ್ಟಿನ ಡಬ್ಬದಲ್ಲೂ ಸಿಗುತ್ತಿತ್ತು.

ಊರಾಚೆ ಲಾರಿ ನಿಲ್ಲಿಸುತ್ತಿದ್ದ ಹಳೇ ಜಾಗವಿದೆ. ಈಗ ಲಾರಿ ಬರುವುದಿಲ್ಲ. ಉದ್ದಕ್ಕೆ ಸಿಮೆಂಟಿನ ನೆಲ, ಅದರ ಕೊನೆಗೆ ಚರಂಡಿ. ವಿಮಾನದ ಹುಚ್ಚಿನವರು ರಜೆ ದಿನ ಅಲ್ಲಿ ಸೇರುತ್ತಿದ್ದರು. ಅವರಲ್ಲಿ ಹಿರಿಯರು ಡ್ರಾಯಿಂಗ್ ಮೇಷ್ಟ್ರು. ದೊಡ್ಡ ಮೀಸೆ. ಇನ್ನೊಬ್ಬ ಬೇಕರಿಯವನು. ಅವನ ವಿಮಾನ ಯಾವತ್ತೂ ಇಡಿಯಾಗಿ ಮನೆಗೆ ಹೋದದ್ದನ್ನು ನಾನು ನೋಡಿಲ್ಲ. ಚೀಲದಲ್ಲಿ ಹೋಗುತ್ತಿತ್ತು.

ನಮ್ಮನೆಯವರ ಮೊದಲನೇ ವಿಮಾನ ಏಳುವಾಗಲೇ ಬಿತ್ತು. ಸ್ವಲ್ಪ ದೂರ ಓಡಿತು, ಚಕ್ರ ನೆಲ ಬಿಟ್ಟಿತು. ಇವರು ಖುಷಿಯಲ್ಲಿ ರಿಮೋಟು ಒತ್ತಿ ಮೂತಿ ಮೇಲೆತ್ತಿದರು. ಆಳೆತ್ತರಕ್ಕೆ ಹೋಗಿ ಸುಸ್ತಾದವರ ಹಾಗೆ ತೂಗಾಡಿ, ಪಕ್ಕಕ್ಕೆ ವಾಲಿ ಬಿದ್ದುಬಿಟ್ಟಿತು.

ಮೇಷ್ಟ್ರು ಹತ್ತಿರ ಬಂದರು. “ಅದು ಎದ್ದಿರಲೇ ಇಲ್ಲ ಗೇಣಪ್ಪಾ. ನೆಲ ಎತ್ತಿ ಹಿಡಿದಿತ್ತು. ರೆಕ್ಕೆ ತುದೀಲಿ ಗಾಳಿ ಸುತ್ತುತ್ತೆ, ವಿಮಾನನ ಹಿಂದಕ್ಕೆ ಎಳೆಯುತ್ತೆ. ನೆಲದ ಹತ್ತಿರ ಇರೋವಾಗ ಆ ಸುತ್ತೋ ಗಾಳಿಗೆ ನೆಲ ಅಡ್ಡ ಬರುತ್ತೆ. ಎಳೆತ ಕಮ್ಮಿ, ಹಗುರಾಗಿ ಏಳುತ್ತೆ. ಅದನ್ನ ನಂಬಿ ಮೇಲೆತ್ತಿದ್ರೆ ಸಾಲ ಮಾಡಿ ಮದುವೆ ಮಾಡಿದ ಹಾಗೆ.”

“ಮತ್ತೆ ಏನು ಮಾಡ್ಬೇಕು ಮೇಷ್ಟ್ರೇ?”

“ಎದ್ದ ಮೇಲೂ ನೆಲದ ಹತ್ರಾನೇ ಓಡಿಸು. ವೇಗ ಬರಲಿ. ಆಮೇಲೆ ಎತ್ತು.”

ಇಳಿಸುವುದು ಇನ್ನೂ ಕಷ್ಟ. ಅದೇ ಗಾಳಿ ಇಳಿಯುವಾಗ ಬಿಡುವುದಿಲ್ಲ. ವೇಗವಾಗಿ ತಂದರೆ, ನೆಲಕ್ಕೆ ಒಂದು ಗೇಣು ಇರುವಾಗ ವಿಮಾನ ತೇಲಲು ಶುರು ಮಾಡುತ್ತದೆ. ಕೂರುವುದಿಲ್ಲ. ತೇಲುತ್ತಾ ತೇಲುತ್ತಾ ಜಾಗವೆಲ್ಲ ಮುಗಿದುಹೋಗುತ್ತದೆ. ಕೂರಲಿ ಅಂತ ಮೂತಿ ಒತ್ತಿದರೆ ಮುಂದಿನ ಚಕ್ರ ನೆಲಕ್ಕೆ ಹೊಡೆದು ಕಪ್ಪೆಯ ಹಾಗೆ ಜಿಗಿಯುತ್ತದೆ. ಬೇಕರಿಯವನ ಚೀಲ ತುಂಬುತ್ತಿದ್ದದ್ದು ಹೀಗೇ.

“ಲಿಫ್ಟ್ ಆದ್ರೆ ಕೊನೇ ಗೇಣಲ್ಲಿ ಹೇಳಿದ ಮಾತು ಕೇಳುತ್ತೆ. ಇದು ಅಲ್ಲಿಗೆ ಬಂದು ಹಟ ಹಿಡಿಯುತ್ತೆ ಕಣೇ” ಅಂದರು ಮನೆಗೆ ಬಂದು. ನಾನು ಹಾಸಿಗೆ ಹಾಸುತ್ತಿದ್ದೆ. ಚಾದರ ಬೀಸಿದೆ. ಇವರು ಬಾಗಿಲಲ್ಲಿ ನಿಂತು ನೋಡಿದರು.

“ಇನ್ನೊಂದು ಸಲ ಬೀಸು.”

ಬೀಸಿದೆ.

“ಇನ್ನೊಂದು ಸಲ.”

“ಲಾಡ್ಜಲ್ಲಿ ಬೀಸಿ ಸಾಕಾಗಿದೆ. ಬೇಕಾದ್ರೆ ನೀವೇ ಬೀಸ್ಕೊಳ್ಳಿ.”

ಅವರು ತೋರಿಸಿದ ಮೇಲೆ ನಾನೂ ನೋಡಿದೆ. ಬೀಸಿದ ಚಾದರ ದಬಕ್ಕನೆ ಬೀಳುವುದಿಲ್ಲ. ಹಾಸಿಗೆಗೆ ಒಂದು ಗೇಣು ಇರುವಾಗ ಸ್ವಲ್ಪ ನಿಲ್ಲುತ್ತದೆ. ಕೆಳಗೆ ಸಿಕ್ಕಿಕೊಂಡ ಗಾಳಿ ಹೋಗಬೇಕಲ್ಲ. ಕೆಲಸಕ್ಕೆ ಹೊಸದಾಗಿ ಬಂದ ಹೆಂಗಸರು ಅವಸರಕ್ಕೆ ಎಳೆಯುತ್ತಾರೆ, ಸುಕ್ಕು ಬೀಳುತ್ತದೆ. ನಾನು ಎಳೆಯುವುದಿಲ್ಲ. ತುದಿ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ತಾನೇ ಕೂರುತ್ತದೆ. ವಿಮಾನದ್ದೂ ಚಾದರದ್ದೂ ಒಂದೇ ಗಾಳಿಯಲ್ಲ ಅಂತ ಮೇಷ್ಟ್ರು ಆಮೇಲೆ ಬಿಡಿಸಿ ಹೇಳಿದರು. ಇರಬಹುದು. ಆದರೆ ನಮ್ಮನೆಯವರು ಇಳಿಸುವುದು ಕಲಿತದ್ದು ಆ ಚಾದರ ನೋಡಿಯೇ. ದೂರದಿಂದಲೇ ವೇಗ ಇಳಿಸಿಕೊಂಡು ತರುವುದು. ಕೊನೆಯ ಗೇಣಿನಲ್ಲಿ ಮೋಟರ್ ಆರಿಸಿ, ಮೂತಿ ಒತ್ತದೆ ಸುಮ್ಮನಿರುವುದು.

“ಸುಮ್ಮನಿರೋದೇ ಕಷ್ಟ” ಅನ್ನುತ್ತಿದ್ದರು.

ಆಮೇಲೆ ಅವರ ಎಡಗಣ್ಣು ಮಂಜಾಯಿತು. ಎಷ್ಟು ತೋರಿಸಿದರೂ ಸರಿಹೋಗಲಿಲ್ಲ. ಕೆಲಸಕ್ಕೆ ತೊಂದರೆಯಿರಲಿಲ್ಲ, ಅಲ್ಲಿ ಕೈಯಿಂದ ಮುಟ್ಟಿ ನೋಡಬಹುದು. ವಿಮಾನ ಮುಟ್ಟಲು ಸಿಗುವುದಿಲ್ಲ. ಒಂದೇ ಕಣ್ಣಲ್ಲಿ ಅದು ನೆಲದಿಂದ ಎಷ್ಟು ಮೇಲಿದೆ ಅಂತ ಗೊತ್ತಾಗುತ್ತಿರಲಿಲ್ಲ. ಎರಡು ವಿಮಾನ ಮುರಿದವು. ಮೂರನೆಯದಕ್ಕೆ ನಾನು ಹೋಗಿ ಸಿಮೆಂಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತೆ.

“ಅಲ್ಲೇನು ಮಾಡ್ತೀಯೇ?”

“ಮಂಚದ ಕೆಳಗೆ ಕಸ ನೋಡೋರು ಹೀಗೇ ಕೂರೋದು. ನೀವು ಇಳಿಸಿ, ಎಷ್ಟು ಎತ್ತರ ಇದೆ ಅಂತ ನಾನು ಹೇಳ್ತೀನಿ.”

ವಿಮಾನ ಬರುತ್ತಿದ್ದ ಹಾಗೆ ನಾನು ಕೂಗುತ್ತಿದ್ದೆ. ಸೊಂಟ. ಮೊಣಕಾಲು. ಗೇಣು. ಬೆರಳು. ಬೆರಳು ಅಂದ ಮೇಲೆ ಚಕ್ರ ನೆಲ ಮುಟ್ಟಿದ ಸದ್ದು ಬರುತ್ತಿತ್ತು. ಗೇಣು ಅಂದರೆ ನನ್ನ ಗೇಣು. ಅವರು ನನ್ನ ಗೇಣಿಗೆ ಕೈ ಪಳಗಿಸಿಕೊಂಡರು. ಬೇರೆಯವರು ನಕ್ಕರು. ಬೇಕರಿಯವನು “ಅಕ್ಕಾ, ನನಗೂ ಕೂಗಿ” ಅಂದ. ಕೂಗಿದೆ. ಅವನು ಮೊಣಕಾಲಿಗೇ ಮೂತಿ ಒತ್ತಿ ಮುರಿದುಕೊಂಡ.

ಅವರ ಕೊನೆಯ ವಿಮಾನ ಬೇರೆ ಥರದ್ದು. ಮೊದಲಿನವಕ್ಕೆಲ್ಲ ರೆಕ್ಕೆ ಮೈಯ ಮೇಲುಗಡೆ ಇತ್ತು. ಇದಕ್ಕೆ ಹೊಟ್ಟೆಯ ಕೆಳಗೆ. ರೆಕ್ಕೆ ಉದ್ದ, ನನ್ನ ಎರಡು ತೋಳು ಚಾಚಿದರೆ ತುದಿಗೆ ತುದಿ ಸರಿಹೋಗುತ್ತದೆ. ಕೆಂಪು ಬಣ್ಣ. ಮೇಷ್ಟ್ರು ನೋಡಿದವರೇ ತಲೆಯಾಡಿಸಿದರು.

“ರೆಕ್ಕೆ ಇಷ್ಟು ಕೆಳಗಿದ್ರೆ ಇನ್ನೂ ಜಾಸ್ತಿ ತೇಲುತ್ತೆ ಗೇಣಪ್ಪಾ. ನಮ್ಮ ಜಾಗ ಸಾಲಲ್ಲ. ಸೀದಾ ಚರಂಡಿಗೆ.”

“ಇಳಿಯುತ್ತೆ ಮೇಷ್ಟ್ರೇ. ನಿಧಾನಕ್ಕೆ ತಂದು ಸುಮ್ಮನಿರಬೇಕು.”

ಚರಂಡಿಗೆ ಮುಂಚೆ ಸಿಮೆಂಟಿನ ಮೇಲೆ ಸುಣ್ಣದ ಗೆರೆ ಎಳೆದಿದ್ದಾರೆ. ಮೇಷ್ಟ್ರು ಕಾಲಲ್ಲಿ ಅದನ್ನು ತೋರಿಸಿದರು. “ಈ ಗೆರೆ ಒಳಗೆ ಇದರ ಹಿಂದಿನ ಚಕ್ರ ನಿಂತರೆ ಮೀಸೆ ಬೋಳಿಸ್ತೀನಿ.”

“ನಿಮ್ಮ ಮೀಸೆ ತಗೊಂಡು ನಾನೇನು ಮಾಡಲಿ?”

“ಬ್ರಶ್ ಮಾಡ್ಕೋ, ಮುಂದಿನದಕ್ಕೆ ಬಣ್ಣ ಹೊಡಿಯೋಕೆ.”

ಇದು ಒಂದು ರಜೆ ದಿನದ ಮಾತು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ, ಮುಂದಿನ ರಜೆಗೆ ಹಾರಿಸೋಣ ಅಂದರು. ಆ ರಜೆ ಬರುವುದರೊಳಗೆ ಶೂ ಕಟ್ಟಲು ಕೂತರು.

ವಿಮಾನ ಬೀರುವಿನ ಮೇಲಿತ್ತು. ಧೂಳು ಕೂರದಂತೆ ಹಳೇ ಚಾದರ ಮುಚ್ಚಿದ್ದೆ. ನಾದಿನಿ ಬಂದಾಗೆಲ್ಲ ಅದನ್ನು ಸರಿಸಿ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಒಂದು ದಿನ ಬಡಗಿಯನ್ನು ಕರೆದುಕೊಂಡೇ ಬಂದಳು. ಅವನು ಟೇಪು ಹಿಡಿದು ವಿಮಾನದ ಅಳತೆ ತೆಗೆದ.

“ಗಾಜಿನ ಪೆಟ್ಟಿಗೆ ಮಾಡಿಸೋಣ ಅತ್ತಿಗೆ. ಈ ಗೋಡೆಗೆ ಚೆನ್ನಾಗಿರುತ್ತೆ. ಅಣ್ಣನ ಕೈಯಿಂದ ಕೊನೇಗೆ ಆಗಿದ್ದು ಇದೊಂದೇ.”

ಆವತ್ತೇ ಮೇಷ್ಟ್ರೂ ಬಂದಿದ್ದರು. ಅವರ ರಿಮೋಟು ಕೆಟ್ಟಾಗ ನಮ್ಮನೆಯವರು ಸರಿಮಾಡಲು ತಂದಿದ್ದರು, ಅದನ್ನು ತೆಗೆದುಕೊಂಡು ಹೋಗಲು. ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಡಗಿ ಅಳತೆ ಹೇಳುತ್ತಿದ್ದ. ನಾನು ಟೀ ಲೋಟ ಇಟ್ಟು ಕೇಳಿದೆ:

“ಮೇಷ್ಟ್ರೇ, ಅದು ಇಳಿಯುತ್ತಾ ಇಲ್ವಾ?”

“ಯಾವುದು ತಂಗೀ?”

“ಆ ವಿಮಾನ. ಗೆರೆ ಒಳಗೆ.”

ಮೇಷ್ಟ್ರು ಮೀಸೆ ಮುಟ್ಟಿಕೊಂಡರು. “ಇಳಿಯೋದು ಕಷ್ಟ. ಆದ್ರೆ ಅವನು ಇದ್ದಿದ್ರೆ... ಗೊತ್ತಿಲ್ಲಮ್ಮ.”

“ಹಾಗಾದ್ರೆ ನೀವು ಹಾರಿಸಿ. ನಾನು ಕೂಗ್ತೀನಿ.”

ನಾದಿನಿ ಎದ್ದು ನಿಂತಳು. “ಅತ್ತಿಗೆ, ತಲೆ ಸರಿ ಇದೆಯಾ? ಚರಂಡಿಗೆ ಬಿದ್ದು ಪುಡಿಯಾದ್ರೆ?”

“ಆಗಲಿ.”

“ಅಣ್ಣನ ನೆನಪಿಗೆ ಇನ್ನೇನಿದೆ ನಮಗೆ?”

“ನೆನಪಿಗೆ ಅವರ ಶೂ ಇದೆ, ತಗೊಂಡು ಹೋಗು. ಅದು ಇಳಿಯುತ್ತೆ ಅಂತ ಅವರು ಹೇಳಿದ್ರು. ಸರಿಯೋ ತಪ್ಪೋ ಅವರಿಗೆ ಗೊತ್ತಾಗಲಿಲ್ಲ. ನನಗಾದ್ರೂ ಗೊತ್ತಾಗಬೇಕು.”

ಬಡಗಿ ಟೇಪು ಸುತ್ತಿಕೊಂಡ. ಮೇಷ್ಟ್ರು ಟೀ ಕುಡಿಯಲಿಲ್ಲ. “ನನ್ನ ಕೈಯಲ್ಲಿ ಮುರಿದ್ರೆ ನಾನು ಹೇಗೆ ಮುಖ ತೋರಿಸಲಿ ತಂಗೀ?” ಅಂದರು.

“ಮೀಸೆ ಇದೆಯಲ್ಲ, ಅದರ ಹಿಂದೆ ಇರಿ” ಅಂದೆ.

ರಜೆ ದಿನ ಹೋದೆವು. ನಾದಿನಿಯೂ ಬಂದಳು. ಬಿಸಿಲಿತ್ತು, ಗಾಳಿ ಇರಲಿಲ್ಲ. ಗಾಳಿ ಎದುರಿಗೆ ಬೀಸಿದರೆ ಇಳಿಸಲು ಸುಲಭ. ಇರಲಿಲ್ಲ. ಬೇಕರಿಯವನು ತನ್ನದನ್ನು ಚೀಲದಿಂದ ತೆಗೆಯದೆ ಪಕ್ಕದಲ್ಲಿ ನಿಂತ. ಬ್ಯಾಟರಿ ನಾನೇ ಹಾಕಿದೆ. ಎಲ್ಲಿ ಕೂರಿಸಬೇಕು ಅಂತ ನನ್ನ ಬೆರಳಿಗೆ ಗೊತ್ತು. ಮೇಷ್ಟ್ರು ರಿಮೋಟು ಹಿಡಿದರು. ಕಡ್ಡಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು. ನಾನು ಹೋಗಿ ನನ್ನ ಜಾಗದಲ್ಲಿ ಕೂತೆ.

ವಿಮಾನ ಓಡಿತು. ಮೇಷ್ಟ್ರು ಅಂದುಕೊಂಡದ್ದಕ್ಕಿಂತ ಬೇಗ ಚಕ್ರ ನೆಲ ಬಿಟ್ಟಿತು. ಅಷ್ಟು ತಿಳಿದವರು, ಎಲ್ಲರಿಗೂ ಹೇಳಿಕೊಟ್ಟವರು, ಚರಂಡಿಯ ಭಯಕ್ಕೆ ಮೂತಿ ಎತ್ತಿಬಿಟ್ಟರು. ಸೊಂಟದೆತ್ತರಕ್ಕೆ ಹೋಗಿ ತೂಗಾಡಿತು.

“ಎತ್ತಬೇಡಿ!” ಅಂದೆ.

ಮೇಷ್ಟ್ರು ಮೂತಿ ಇಳಿಸಿದರು. ಅದು ಮತ್ತೆ ಕೆಳಗೆ ಬಂತು. ಗೇಣು. ನೆಲಕ್ಕೆ ತಾಗಲಿಲ್ಲ. ಆ ಎತ್ತರದಲ್ಲೇ ಓಡಿತು. ವೇಗ ಹಿಡಿಯಿತು. ಗೆರೆ ದಾಟಿತು, ಚರಂಡಿ ದಾಟಿತು, ಆಮೇಲೆ ಮೇಲೆ ಹೋಯಿತು. ನಾದಿನಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮೇಲೆ ಸುತ್ತು ಹಾಕಿತು. ಕೆಂಪಗೆ ಚೆನ್ನಾಗಿ ಕಾಣುತ್ತಿತ್ತು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸಬಹುದು ಅಂದುಕೊಂಡಿದ್ದೆ. ಕುತ್ತಿಗೆ ನೋಯಿತು, ಅಷ್ಟೆ.

ಮೊದಲ ಸಲ ಇಳಿಸಲು ತಂದಾಗ ವೇಗ ಜಾಸ್ತಿಯಿತ್ತು. ಸೊಂಟ, ಮೊಣಕಾಲು, ಗೇಣು ಅಂದೆ. ಗೇಣು ಅಂದದ್ದೇ ಬಂತು, ಅದು ಅಲ್ಲಿಂದ ಇಳಿಯಲಿಲ್ಲ. ನನ್ನ ಮುಂದೆ ಹಾದು ತೇಲುತ್ತಾ ಹೋಯಿತು. ಗೆರೆ ಹತ್ತಿರ ಬಂದಾಗ ಮೇಷ್ಟ್ರು ಮೋಟರ್ ಜೋರು ಮಾಡಿ ಮತ್ತೆ ಮೇಲೆತ್ತಿಕೊಂಡರು.

“ನೋಡಿದ್ಯಾ ತಂಗೀ? ನಾನು ಹೇಳಿರಲಿಲ್ವಾ?”

“ನೀವು ಓಡಿಸ್ಕೊಂಡು ಬಂದ್ರಿ. ಅವರು ನಡೆಸ್ಕೊಂಡು ಬರ್ತಿದ್ರು.”

“ಇದಕ್ಕಿಂತ ನಿಧಾನ ಆದ್ರೆ ಮೇಲಿಂದಾನೇ ಬೀಳುತ್ತೆ.”

“ಬೀಳಲ್ಲ. ನಿಧಾನ ಮಾಡಿ.”

ಎರಡನೇ ಸಲ ದೂರದಿಂದಲೇ ನಿಧಾನ ಮಾಡಿದರು. ನೋಡುವವರಿಗೆ ಭಯವಾಗುವಷ್ಟು. ಬೇಕರಿಯವನು “ಹೋಯ್ತು, ಹೋಯ್ತು” ಅಂದ. ಹೋಗಲಿಲ್ಲ. ಸೊಂಟ. ಮೊಣಕಾಲು. ಗೇಣು. ಮೇಷ್ಟ್ರು ಮೋಟರ್ ಆರಿಸಿದರು. ಸದ್ದು ನಿಂತಿತು.

ಗೇಣು.

ಗೇಣು.

ಅದು ಹಾಗೇ ಇತ್ತು. ರೆಕ್ಕೆಯ ನೆರಳು ನೆಲದ ಮೇಲೆ ಅದರ ಜೊತೆಗೇ ಬರುತ್ತಿತ್ತು. ಮುಂದೆ ಬಿಳೀ ಗೆರೆ. ಮೇಷ್ಟ್ರ ಹೆಬ್ಬೆರಳು ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಲು ಹೊರಟಿತ್ತು. ನಾನು ನೋಡದೆಯೇ ಗೊತ್ತು, ಎಲ್ಲರೂ ಅಲ್ಲೇ ಒತ್ತುವುದು.

“ಒತ್ತಬೇಡಿ. ಸುಮ್ನಿರಿ.”

“ಗೆರೆ ಬಂತು ತಂಗೀ—”

“ಸುಮ್ನಿರಿ ಅಂದೆ.”

ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಆಮೇಲೆ, ಬೆರಳು. ಚಕ್ರ ಮುಟ್ಟಿದ ಸದ್ದು ಬಂತು. ಜಿಗಿಯಲಿಲ್ಲ. ಉರುಳಿಕೊಂಡು ಹೋಗಿ ಚರಂಡಿಗೆ ಮುಂಚೆ ನಿಂತಿತು. ಇಡಿಯಾಗಿ ಇತ್ತು.

ಬೇಕರಿಯವನು ಕೂಗಿದ. ನಾದಿನಿ ಜೋರಾಗಿ ಅಳಲು ಶುರು ಮಾಡಿದಳು. ಮೇಷ್ಟ್ರು ರಿಮೋಟು ಕುತ್ತಿಗೆಗೆ ನೇತುಹಾಕಿಕೊಂಡು ಓಡುತ್ತಾ ಬಂದರು. ಆ ವಯಸ್ಸಿಗೆ ಓಡಬಾರದು.

“ಗೆದ್ದ ತಂಗೀ, ಗೇಣಪ್ಪ ಗೆದ್ದುಬಿಟ್ಟ! ಇವತ್ತೇ ಬೋಳಿಸ್ತೀನಿ.”

ನಾನು ಎದ್ದು ಹೋಗಿ ನೋಡಿದೆ. ಗೆರೆ ಹಿಂದೆ ಇತ್ತು. ವಿಮಾನ ಮುಂದೆ ಇತ್ತು.

“ಗೆರೆ ದಾಟಿದೆ” ಅಂದೆ.

“ಅಯ್ಯೋ, ಒಂದು ಗೇಣಮ್ಮ. ಗೇಣು ಒಂದು ಲೆಕ್ಕಾನಾ?”

“ಯಾರ ಗೇಣು?”

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ನಾನು ಕೂತೆ. ಗೆರೆಯ ಮೇಲೆ ಕಿರುಬೆರಳಿಟ್ಟು ಕೈ ಅಗಲಿಸಿದೆ. ಹೆಬ್ಬೆರಳು ಹಿಂದಿನ ಚಕ್ರಕ್ಕೆ ಮುಟ್ಟಲಿಲ್ಲ. ಉಳಿದ ಜಾಗದಲ್ಲಿ ಇನ್ನೊಂದು ಕೈಯ ಎರಡು ಬೆರಳು ಇಟ್ಟೆ. ಸರಿಹೋಯಿತು. ಅವರ ಗೇಣಿಗಾದರೆ ಒಂದೇ ಒಂದು. ಸಿಮೆಂಟು ಸುಡುತ್ತಿತ್ತು. ಕೈ ತೆಗೆಯಬೇಕು ಅಂತ ಅನ್ನಿಸಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.

ನಾದಿನಿ ಹಿಂದೆ ಬಂದು ಭುಜ ಮುಟ್ಟಿದಳು. “ಮೇಷ್ಟ್ರು ಗೆದ್ದ ಅಂತಿದ್ದಾರಲ್ಲ ಅತ್ತಿಗೆ, ಗೆದ್ದ ಅಂತಾನೇ ಇಟ್ಕೊಳ್ಳೋಣ.”

“ನಿಮ್ಮಣ್ಣ ಒಪ್ಪಲ್ಲ. ಬೆರಳಷ್ಟು ಆಚೀಚೆ ನಿಂತ ಲಿಫ್ಟನ್ನ ಸರಿಯಾಗಿದೆ ಅಂತ ಅವರು ಯಾವತ್ತೂ ಬಿಟ್ಟು ಬಂದಿಲ್ಲ. ಇದು ಗೇಣು.”

ಒಪ್ಪಲ್ಲ ಅಂದೆ. ಒಪ್ಪುತ್ತಿರಲಿಲ್ಲ ಅನ್ನಬೇಕಿತ್ತು. ಯಾರೂ ತಿದ್ದಲಿಲ್ಲ.

ವಿಮಾನದ ಹೊಟ್ಟೆಯ ಮುಚ್ಚಳ ತೆಗೆದು ಬ್ಯಾಟರಿ ಹೊರಗೆಳೆದೆ. ಬಿಸಿಯಾಗಿತ್ತು. ನಾದಿನಿಯ ಕೈಗೆ ಕೊಟ್ಟೆ. ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನು ಮಾಡಬೇಕೋ ತಿಳಿಯದೆ ನಿಂತಳು.

“ಬಡಗಿಗೆ ಬೇಡ ಅಂತ ಹೇಳಿಬಿಡು” ಅಂದೆ ಅವಳಿಗೆ. ಆಮೇಲೆ ಬೇಕರಿಯವನನ್ನು ಕರೆದೆ. “ನಿನ್ನ ಚೀಲದಲ್ಲಿ ಇನ್ನೊಂದು ಬ್ಯಾಟರಿ ಇರ್ಬೇಕು, ಕೊಡಪ್ಪ.”

ಮೇಷ್ಟ್ರು ಬೆವರು ಒರೆಸಿಕೊಂಡರು. “ಇನ್ನೊಂದು ಸಲಾನಾ? ಈ ಸಲ ಅದೃಷ್ಟ ಚೆನ್ನಾಗಿತ್ತು ತಂಗೀ. ಮತ್ತೆ ಇಡಿಯಾಗಿ ಬರುತ್ತೆ ಅಂತ ನಾನು ಹೇಳಲಾರೆ.”

“ನೀವೇನೂ ಹೇಳಬೇಡಿ. ಇನ್ನೂ ಸ್ವಲ್ಪ ದೂರದಿಂದ ಮೋಟರ್ ಆರಿಸಿ. ಒಂದು ಗೇಣು ಹಿಂದೆ ನಿಂತ್ರೆ ಸಾಕು.”

“ನಿಂತ್ರೆ?”

“ನಿಮ್ಮ ಮೀಸೆ ಹೋಗುತ್ತೆ.”

ಬೇಕರಿಯವನು ಬ್ಯಾಟರಿ ತಂದುಕೊಟ್ಟ. ಕೂರಿಸಿ ಮುಚ್ಚಳ ಹಾಕಿದೆ. ಮೇಷ್ಟ್ರು ವಿಮಾನ ಎತ್ತಿಕೊಂಡು ಆ ತುದಿಗೆ ನಡೆದರು. ನಾನು ಸಿಮೆಂಟಿನ ಪಕ್ಕ ಹೋಗಿ, ಈ ಸಲ ಗೆರೆಗೆ ಹತ್ತಿರವಾಗಿ, ಕುಕ್ಕರುಗಾಲಲ್ಲಿ ಕೂತೆ.